ಕುಲುಮೆಯಲ್ಲಿ ಕಾದ ನಗೆ

ದಿನಪತ್ರಿಕೆಯ ಆಯುಷ್ಯ ಒಂದೇ ದಿನ. ಬೆಳಗ್ಗೆ ಮನೆಮಂದಿಗೆಲ್ಲ ಬೇಕಾಗಿದ್ದ ಪತ್ರಿಕೆಯು ಮರುದಿನ ರದ್ದಿಯ ರಾಶಿಯನ್ನು ಸೇರುತ್ತದೆ. ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಕಾಗದವಾಗುತ್ತದೆ. ಅಂಥ ಪತ್ರಿಕೆಯ ಒಂದು ಮೂಲೆಯಲ್ಲಿ, ಅಂಗೈಯಗಲದ ಚೌಕಟ್ಟಿನೊಳಗೆ, ವ್ಯಂಗ್ಯಚಿತ್ರವೊಂದು ಇರುತ್ತದೆ. ಓದುಗನು ಅದರ ಮೇಲೆ ಕಣ್ಣಾಡಿಸಲು ತೆಗೆದುಕೊಳ್ಳುವ ಕಾಲ ಅರೆನಿಮಿಷಕ್ಕಿಂತ ಹೆಚ್ಚಲ್ಲ. ಮುಗುಳ್ನಕ್ಕು ಪುಟ ತಿರುವಿದರೆ ಅದರ ಕೆಲಸ ಮುಗಿಯಿತೆಂದೇ ನಾವು ಭಾವಿಸುತ್ತೇವೆ. ಇಷ್ಟು ಅಲ್ಪಾಯುವಾದ ವಸ್ತುವನ್ನು ರಚಿಸುತ್ತ ಒಬ್ಬ ಮನುಷ್ಯನು ಐವತ್ತಕ್ಕೂ ಹೆಚ್ಚು ವರ್ಷಗಳನ್ನು ಕಳೆದರೆ ಅದರಿಂದ ಉಳಿಯುವುದೇನು? ಸ್ಪೇನ್ ದೇಶದ ವ್ಯಂಗ್ಯಚಿತ್ರಕಾರ ಫೋರ್ಹೆಸ್ ಅವರ ಜೀವನವು ಈ ಪ್ರಶ್ನೆಗೆ ಉತ್ತರದಂತಿದೆ.

ಫೋರ್ಹೆಸ್ ಎಂಬುದು ಅವರು ತಮ್ಮ ಚಿತ್ರಗಳಿಗೆ ಹಾಕುತ್ತಿದ್ದ ಅಂಕಿತ. ಅವರ ನಿಜವಾದ ಹೆಸರು ಆಂತೋನಿಯೋ ಫ್ರಾಗ್ವಾಸ್ ದೆ ಪಾಬ್ಲೋ. ಅವರು 1942ನೆಯ ಇಸವಿ ಜನವರಿ 17ರಂದು ಸ್ಪೇನಿನ ರಾಜಧಾನಿಯಾದ ಮ್ಯಾಡ್ರಿಡ್ ನಗರದಲ್ಲಿ ಜನಿಸಿದರು. ತಂದೆ ದೇಶದ ವಾಯವ್ಯ ಭಾಗದ ಗಲೀಸಿಯಾ ಪ್ರಾಂತದವರು, ಬರವಣಿಗೆಯನ್ನು ವೃತ್ತಿಯಾಗಿ ಹಿಡಿದವರು. ತಾಯಿ ಈಶಾನ್ಯ ಭಾಗದ ಕ್ಯಾಟಲೋನಿಯಾದವರು. ಒಂಬತ್ತು ಮಂದಿ ಮಕ್ಕಳಿದ್ದ ಆ ತುಂಬು ಸಂಸಾರದಲ್ಲಿ ಆಂತೋನಿಯೋ ಎರಡನೆಯವರು. ಸ್ಪೇನಿನ ಭಾಷೆಯಲ್ಲಿ ‘ಫ್ರಾಗ್ವಾ’ ಎಂದರೆ ಕಮ್ಮಾರನ ಕುಲುಮೆ. ತಂದೆಯಿಂದ ಬಂದ ಆ ಮನೆತನದ ಹೆಸರನ್ನು ತಾಯಿಯ ನುಡಿಯಾದ ಕ್ಯಾಟಲನ್ ಭಾಷೆಗೆ ತಿರುಗಿಸಿದಾಗ ಅದು ‘ಫೋರ್ಹೆಸ್’ ಎಂದಾಯಿತು. ಹೀಗೆ ತಂದೆಯ ಹೆಸರು ಮತ್ತು ತಾಯಿಯ ಭಾಷೆ ಎರಡೂ ಆ ಪುಟ್ಟ ಅಂಕಿತದಲ್ಲಿ ಬೆಸೆದುಕೊಂಡವು. ಕುಲುಮೆಯಲ್ಲಿ ಕಬ್ಬಿಣ ಕಾಯುತ್ತದೆ, ಬಾಗುತ್ತದೆ, ನೆಲ ಉಳುವ ಗುಳವಾಗುತ್ತದೆ. ಫೋರ್ಹೆಸರ ಕುಲುಮೆಯಲ್ಲಿ ಕಾದದ್ದು ನಗೆ.

ಅವರು ಹುಟ್ಟಿದ ಕಾಲದಲ್ಲಿ ಸ್ಪೇನಿನಲ್ಲಿ ನಗುವುದು ಸುಲಭವಾಗಿರಲಿಲ್ಲ. 1936ರಿಂದ 1939ರವರೆಗೆ ಆ ದೇಶವು ಘೋರವಾದ ಅಂತರ್ಯುದ್ಧದಲ್ಲಿ ಬೆಂದುಹೋಗಿತ್ತು. ಒಂದೇ ಊರಿನವರು, ಕೆಲವೊಮ್ಮೆ ಒಂದೇ ಮನೆಯವರು ಎರಡು ಪಕ್ಷಗಳಾಗಿ ಕಾದಾಡಿದರು. ಯುದ್ಧದಲ್ಲಿ ಗೆದ್ದ ಜನರಲ್ ಫ್ರಾನ್ಸಿಸ್ಕೋ ಫ್ರಾಂಕೋ 1975ರಲ್ಲಿ ಸಾಯುವವರೆಗೂ ದೇಶವನ್ನು ಸರ್ವಾಧಿಕಾರಿಯಾಗಿ ಆಳಿದನು. ರಾಜಕೀಯ ಪಕ್ಷಗಳಿಗೆ ನಿಷೇಧವಿತ್ತು. ಕ್ಯಾಟಲನ್, ಗಲೀಸಿಯನ್, ಬಾಸ್ಕ್ ಮೊದಲಾದ ಪ್ರಾಂತೀಯ ಭಾಷೆಗಳನ್ನು ಶಾಲೆ ಕಚೇರಿಗಳಿಂದ ದೂರವಿಡಲಾಯಿತು. ಪತ್ರಿಕೆಗಳು ಅಚ್ಚಾಗುವ ಮೊದಲೇ ಪ್ರತಿಯೊಂದು ಸಾಲನ್ನೂ ಸರ್ಕಾರದ ಪರೀಕ್ಷಕರ ಮುಂದಿಡಬೇಕಾಗಿತ್ತು. ಅವರ ಕೆಂಪು ಪೆನ್ಸಿಲು ಹಾಯ್ದ ಮಾತು ಜನರ ಕಣ್ಣಿಗೆ ಬೀಳುತ್ತಿರಲಿಲ್ಲ.

ಆದರೆ ಚಿತ್ರದ ಮೂಲಕ ಲೋಕದ ಲೋಪದೋಷಗಳನ್ನು ಬಯಲಿಗೆಳೆಯುವ ಪರಂಪರೆಯು ಆ ದೇಶಕ್ಕೆ ಹೊಸದಲ್ಲ. ಮಹಾಕಲಾವಿದ ಫ್ರಾನ್ಸಿಸ್ಕೋ ಗೋಯಾ 1799ರಲ್ಲಿಯೇ 80 ಅಚ್ಚುಚಿತ್ರಗಳ ಒಂದು ಮಾಲೆಯನ್ನು ಪ್ರಕಟಿಸಿ ತನ್ನ ಕಾಲದ ಮೌಢ್ಯವನ್ನೂ ದೊಡ್ಡವರ ದುರಾಸೆಯನ್ನೂ ಹಾಸ್ಯ ಮಾಡಿದ್ದನು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಗರೀಯಾ ಎಂಬ ವ್ಯಂಗ್ಯಚಿತ್ರಕಾರನು ಮ್ಯಾಡ್ರಿಡ್ಡಿನ ‘ಎಲ್ ಸೋಲ್’ ಪತ್ರಿಕೆಯಲ್ಲಿಯೂ, ಕಾಸ್ತೆಲಾವ್ ಎಂಬ ಕಲಾವಿದನು ಗಲೀಸಿಯಾದಲ್ಲಿಯೂ ತಮ್ಮ ರೇಖೆಗಳಿಂದ ಜನಮನವನ್ನು ಗೆದ್ದಿದ್ದರು. ಅಂತರ್ಯುದ್ಧವು ಈ ಇಬ್ಬರನ್ನೂ ತಾಯ್ನಾಡಿನಿಂದ ಹೊರದೂಡಿತು. ಬಗರೀಯಾ 1940ರಲ್ಲಿ ಕ್ಯೂಬಾದ ಹವಾನಾ ನಗರದಲ್ಲಿ ತೀರಿಕೊಂಡನು. ಕಾಸ್ತೆಲಾವ್ 1950ರಲ್ಲಿ ಅರ್ಜೆಂಟೀನಾದ ಬ್ವೇನಸ್ ಐರಿಸ್ ನಗರದಲ್ಲಿ ಕಣ್ಮುಚ್ಚಿದನು. ವ್ಯಂಗ್ಯಚಿತ್ರಕಾರನ ಪೆನ್ನು ಎಷ್ಟು ಚಿಕ್ಕದಾದರೂ ಆಳುವವರು ಅದಕ್ಕೆ ಅಂಜುತ್ತಿದ್ದರೆಂಬುದನ್ನು ಈ ಎರಡು ಪರದೇಶದ ಸಾವುಗಳೇ ಹೇಳುತ್ತವೆ.

ಬಾಲಕ ಆಂತೋನಿಯೋ ಹದಿನಾಲ್ಕನೆಯ ವಯಸ್ಸಿಗೇ ದುಡಿಮೆಗೆ ತೊಡಗಿದನು. 1956ರಲ್ಲಿ ಸ್ಪೇನಿನಲ್ಲಿ ಟೆಲಿವಿಷನ್ ಆಗತಾನೆ ಆರಂಭವಾಗಿತ್ತು. ಚಲನಚಿತ್ರದ ಸುರುಳಿಗಳನ್ನು ಟೆಲಿವಿಷನ್ನಿನಲ್ಲಿ ಪ್ರಸಾರ ಮಾಡಲು ಬಳಸುವ ಯಂತ್ರದ ಬಳಿ ಆತನಿಗೆ ಕೆಲಸ ದೊರೆಯಿತು. ಹಗಲಿರುಳು ಚಿತ್ರಗಳು ಓಡುತ್ತಿದ್ದ ಆ ಕೋಣೆಯೇ ಅವನಿಗೆ ಒಂದು ಬಗೆಯ ಪಾಠಶಾಲೆಯಾಯಿತೆನ್ನಬಹುದು. ಕೆಲಸದ ನಡುವೆ ಉಳಿದ ವೇಳೆಯಲ್ಲಿ ಅವನು ಚಿತ್ರ ಬಿಡಿಸುತ್ತಿದ್ದನು. 1964ರಲ್ಲಿ, ಪತ್ರಕರ್ತ ಹೆಸೂಸ್ ಎರ್ಮಿದಾ ಅವರ ನೆರವಿನಿಂದ, ‘ಪ್ವೆಬ್ಲೋ’ ಎಂಬ ಪತ್ರಿಕೆಯಲ್ಲಿ ಅವನ ಮೊದಲ ವ್ಯಂಗ್ಯಚಿತ್ರ ಅಚ್ಚಾಯಿತು. ಆಗ ಅವನ ವಯಸ್ಸು ಇಪ್ಪತ್ತೆರಡು. ಮುಂದೆ ‘ಇನ್ಫೊರ್ಮಾಸಿಯೋನೆಸ್’ ಪತ್ರಿಕೆಯ ಸಂಪಾದಕರಾದ ಹೆಸೂಸ್ ದೆ ಲಾ ಸೆರ್ನಾ ಅವರು ಸಂಪಾದಕೀಯದ ವ್ಯಂಗ್ಯಚಿತ್ರವನ್ನು ಬರೆಯುವ ಹೊಣೆಯನ್ನು ಈ ತರುಣನಿಗೆ ಒಪ್ಪಿಸಿದರು. ಒಂದು ಪತ್ರಿಕೆಯ ಅಭಿಪ್ರಾಯವೆಲ್ಲ ಒಂದು ಚಿತ್ರದಲ್ಲಿ ಅಡಗಬೇಕಾದ ಜಾಗ ಅದು. ಸಣ್ಣ ವಯಸ್ಸಿನವನಿಗೆ ಅದು ದೊಡ್ಡ ಪರೀಕ್ಷೆಯೇ ಆಗಿತ್ತು.

1973ರವರೆಗೂ ಫೋರ್ಹೆಸ್ ಟೆಲಿವಿಷನ್ನಿನ ನೌಕರಿಯನ್ನು ಬಿಟ್ಟಿರಲಿಲ್ಲ. ಹದಿನೇಳು ವರ್ಷಗಳ ಆ ಸಂಬಳದ ಭದ್ರತೆಯನ್ನು ಆ ವರ್ಷ ತೊರೆದು, ಹಾಸ್ಯಚಿತ್ರವನ್ನೇ ಬದುಕನ್ನಾಗಿ ಮಾಡಿಕೊಂಡರು. ಅದು ನಿಶ್ಚಿಂತೆಯ ಕಾಲವಾಗಿರಲಿಲ್ಲ. ವ್ಯಂಗ್ಯಚಿತ್ರವನ್ನೇ ನಂಬಿ ಬದುಕುವುದೆಂದರೆ ಸರ್ಕಾರದ ಕೋಪದ ನೆರಳಿನಲ್ಲಿ ಬದುಕುವುದೇ ಆಗಿತ್ತು.

1966ರಲ್ಲಿ ಸ್ಪೇನಿನಲ್ಲಿ ಹೊಸ ಪತ್ರಿಕಾ ಶಾಸನವೊಂದು ಜಾರಿಗೆ ಬಂದಿತ್ತು. ಅಚ್ಚಾಗುವ ಮೊದಲು ಪರೀಕ್ಷಕರ ಒಪ್ಪಿಗೆ ಪಡೆಯಬೇಕೆಂಬ ಕಟ್ಟಳೆಯನ್ನು ಅದು ಸಡಿಲಿಸಿತು. ಮೇಲ್ನೋಟಕ್ಕೆ ಇದು ಸ್ವಾತಂತ್ರ್ಯದಂತೆಯೇ ಕಾಣುತ್ತಿತ್ತು. ಆದರೆ ಅಚ್ಚಾದ ಮೇಲೆ ಸರ್ಕಾರಕ್ಕೆ ಹಿತವೆನಿಸದಿದ್ದರೆ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಳ್ಳುವ, ದಂಡ ವಿಧಿಸುವ, ಪತ್ರಿಕೆಯನ್ನು ಕೆಲವು ತಿಂಗಳು ನಿಲ್ಲಿಸುವ ಅಧಿಕಾರವು ಹಾಗೆಯೇ ಉಳಿದಿತ್ತು. ಯಾವ ಮಾತು ತಪ್ಪು, ಯಾವ ಮಾತು ಒಪ್ಪು ಎಂಬುದನ್ನು ಮೊದಲು ಪರೀಕ್ಷಕನು ಹೇಳುತ್ತಿದ್ದನು. ಈಗ ಬರೆಯುವವನೇ ಊಹಿಸಿಕೊಳ್ಳಬೇಕಾಯಿತು. ಹೊರಗಿನ ಕಾವಲುಗಾರನು ಮನಸ್ಸಿನೊಳಗೆ ಬಂದು ಕುಳಿತಂತಾಯಿತು. ‘ಮ್ಯಾಡ್ರಿಡ್’ ಎಂಬ ಹೆಸರಿನ ದಿನಪತ್ರಿಕೆಯನ್ನು ಸರ್ಕಾರವು 1971ರಲ್ಲಿ ಮುಚ್ಚಿಸಿತು. 1973ರಲ್ಲಿ ಅದರ ಕಟ್ಟಡವನ್ನೇ ಸಿಡಿಮದ್ದಿಟ್ಟು ಕೆಡವಲಾಯಿತು. ಫೋರ್ಹೆಸ್ ಕೆಲಸ ಬಿಟ್ಟು ಚಿತ್ರಕಲೆಯನ್ನೇ ನಂಬಿದ್ದು ಅದೇ ವರ್ಷ.

ಇಂಥ ಸಂದರ್ಭದಲ್ಲಿ ವ್ಯಂಗ್ಯಚಿತ್ರಕ್ಕೆ ಒಂದು ವಿಶೇಷ ಶಕ್ತಿ ಬರುತ್ತದೆ. ಲೇಖನವು ತನ್ನ ಮಾತನ್ನು ಬಿಚ್ಚಿ ಹೇಳಲೇಬೇಕು. ಹೇಳಿದ ಮಾತಿಗೆ ಸಿಕ್ಕಿಬೀಳಲೂಬೇಕು. ಚಿತ್ರವಾದರೋ ಅರ್ಧವನ್ನು ತಾನು ಹೇಳಿ ಉಳಿದರ್ಧವನ್ನು ಓದುಗನ ಊಹೆಗೆ ಬಿಡುತ್ತದೆ. ಇಬ್ಬರು ಮುದುಕರು ಕಲ್ಲುಬೆಂಚಿನ ಮೇಲೆ ಕುಳಿತು ಮಳೆಯ ವಿಚಾರ ಮಾತನಾಡುತ್ತಿರುವಂತೆ ಬರೆದರೆ, ಅದು ಮಳೆಯ ವಿಚಾರವಲ್ಲವೆಂದು ಓದುಗನಿಗೆ ತಿಳಿಯುತ್ತದೆ. ಆದರೆ ಅದನ್ನು ಅಪರಾಧವೆಂದು ಸಾಧಿಸುವುದು ಅಧಿಕಾರಿಗೆ ಕಷ್ಟ. ಸಾಧಿಸಹೊರಟರೆ ಅವನೇ ನಗೆಪಾಟಲಾಗುತ್ತಾನೆ. ಹೀಗೆ ಬರೆಯುವವನಿಗೂ ಓದುವವನಿಗೂ ನಡುವೆ ಒಂದು ಗುಟ್ಟಿನ ಸ್ನೇಹ ಬೆಳೆಯುತ್ತದೆ. ಫೋರ್ಹೆಸರ ತಲೆಮಾರಿನ ವ್ಯಂಗ್ಯಚಿತ್ರಕಾರರು ಈ ಸ್ನೇಹವನ್ನು ನಂಬಿಯೇ ದುಡಿದರು. ‘ಲಾವುಗೆ ಹಕ್ಕಿ’ ಎಂಬರ್ಥದ ‘ಲಾ ಕೊದೊರ್ನೀಸ್’, ‘ತೋಳಣ್ಣ’ ಎಂಬರ್ಥದ ‘ಎರ್ಮಾನೋ ಲೋಬೋ’, ‘ದಯವಿಟ್ಟು’ ಎಂಬರ್ಥದ ‘ಪೊರ್ ಫವೋರ್’ ಎಂಬ ಹಾಸ್ಯಪತ್ರಿಕೆಗಳು ಆ ಕಾಲದ ಜನರಿಗೆ ಉಸಿರಾಡಲು ತೆರೆದ ಕಿಟಕಿಗಳಂತಿದ್ದವು. ಈ ಮೂರರಲ್ಲಿಯೂ ಫೋರ್ಹೆಸರ ಚಿತ್ರಗಳು ಪ್ರಕಟವಾದವು.

ಅವರ ಚಿತ್ರಗಳನ್ನು ದೂರದಿಂದಲೇ ಗುರುತಿಸಬಹುದಾಗಿತ್ತು. ದಪ್ಪ ಮೂಗು, ದುಂಡು ಕಣ್ಣು, ಒಂದೇ ಗೆರೆಯಲ್ಲಿ ಮೂಡಿದ ದೇಹ. ಪಾತ್ರಗಳು ಆಡುವ ಮಾತಿನ ಸುತ್ತ ದಪ್ಪನಾದ ಕಪ್ಪು ಗೆರೆಯ ಆವರಣವಿರುತ್ತಿತ್ತು. ಈ ಗೆರೆಯೇ ಅವರ ಎರಡನೆಯ ಅಂಕಿತವಾಯಿತು. ರಾಜರು, ಮಂತ್ರಿಗಳು, ಸೇನಾಪತಿಗಳು ಅವರ ಚಿತ್ರಗಳಲ್ಲಿ ಅಪರೂಪ. ದೊಡ್ಡವರ ಮುಖವನ್ನು ವಿಕಾರಗೊಳಿಸಿ ನಗಿಸುವುದಕ್ಕಿಂತ, ದೊಡ್ಡವರ ನಿರ್ಧಾರಗಳ ಭಾರವನ್ನು ಹೊರುವ ಚಿಕ್ಕವರ ಮುಖವನ್ನು ತೋರಿಸುವುದೇ ಅವರಿಗೆ ಪ್ರಿಯವಾಗಿತ್ತು.

ಆ ಚಿಕ್ಕವರ ಲೋಕ ಬಹಳ ವಿಶಾಲವಾದುದು. ಅಲ್ಲಿ ಮಾರಿಯಾನೋ ಮತ್ತು ಕೊಂಚಾ ಎಂಬ ದಂಪತಿಗಳಿದ್ದಾರೆ. ಮಾರಿಯಾನೋ ಕನ್ನಡಕ ಧರಿಸಿದ, ಕುಳ್ಳಗಿನ, ಸೋಮಾರಿಯಾದ, ಒಳಗೊಳಗೇ ಅಂಜುವ ಮಧ್ಯಮವರ್ಗದ ಗೃಹಸ್ಥ. ಕೊಂಚಾ ದೊಡ್ಡ ದೇಹದ, ಅದಕ್ಕಿಂತ ದೊಡ್ಡ ಧೈರ್ಯದ ಗೃಹಿಣಿ. ‘ಬ್ಲಾಸೀಯೋ’ಗಳೆಂಬ ಹಳ್ಳಿಗರಿದ್ದಾರೆ. ತಲೆಯ ಮೇಲೆ ಟೋಪಿಯಿಟ್ಟು ಬಯಲಿನಲ್ಲಿ ನಿಂತು ತತ್ತ್ವಜ್ಞಾನಿಗಳಂತೆ ಮಾತನಾಡುವ ಸರಳ ಜೀವಿಗಳು ಅವರು. ಕರಿಯ ಉಡುಪು, ತಲೆಗೆ ಕಟ್ಟಿದ ವಸ್ತ್ರ, ಕೈಯಲ್ಲೊಂದು ಚೀಲ ಹಿಡಿದ ಕೋಸ್ಮಾ ಮತ್ತು ಬ್ಲಾಸಾ ಎಂಬ ಇಬ್ಬರು ಹಳ್ಳಿಯ ಮುದುಕಿಯರು ಕಂಪ್ಯೂಟರು, ಇಂಟರ್ನೆಟ್ಟುಗಳ ವಿಷಯವನ್ನು ಪಂಡಿತರಂತೆ ಚರ್ಚಿಸುತ್ತಾರೆ. ಕಡತಗಳ ಬೆಟ್ಟದ ಹಿಂದೆ ನಿದ್ರಿಸುವ ಗುಮಾಸ್ತರಿದ್ದಾರೆ. ಕಚೇರಿಯ ಕಿಟಕಿಯ ಮುಂದೆ ಕಾದು ಕಾದು ಬೇಸತ್ತ ಜನರಿದ್ದಾರೆ. ಸುತ್ತಲೂ ಸಮುದ್ರ, ನಡುವೆ ಹಿಡಿಯಷ್ಟು ನೆಲ, ಅದರ ಮೇಲೊಂದು ಮರ, ಮರದ ಕೆಳಗೆ ಹಡಗು ಒಡೆದು ದಡ ಸೇರಿದ ಒಬ್ಬಂಟಿ ಮನುಷ್ಯ. ಈ ಒಬ್ಬಂಟಿಯನ್ನು ಫೋರ್ಹೆಸ್ ಮತ್ತೆ ಮತ್ತೆ ಬರೆದರು. ಗದ್ದಲದ ನಗರದ ನಡುವೆಯೂ ಒಬ್ಬಂಟಿಯಾಗಿರುವ ಇಂದಿನ ಮನುಷ್ಯನು ಆ ದ್ವೀಪದಲ್ಲಿ ತನ್ನನ್ನು ತಾನೇ ಕಾಣುತ್ತಿದ್ದನು.

ಈ ಜನರಿಗೆ ಅವರು ಬಾಯಿಯನ್ನು ಕೊಟ್ಟರು. ಬಾಯಿಗೆ ತಕ್ಕ ಮಾತನ್ನೂ ಕೊಟ್ಟರು. ಸರ್ವಾಧಿಕಾರದ ಕಾಲದ ಪತ್ರಿಕೆಗಳಲ್ಲಿ ಎರಡು ಭಾಷೆಗಳಿದ್ದವು. ಸರ್ಕಾರದ ಭಾಷೆ ಅಲಂಕಾರಗಳಿಂದ ತುಂಬಿ, ಏನನ್ನೂ ಹೇಳದೆ ಬಹಳ ಹೇಳುತ್ತಿತ್ತು. ಬೀದಿಯ ಭಾಷೆ ಎಲ್ಲವನ್ನೂ ಹೇಳುತ್ತಿತ್ತು, ಆದರೆ ಅಚ್ಚಿನ ಮನೆಯೊಳಗೆ ಅದಕ್ಕೆ ಪ್ರವೇಶವಿರಲಿಲ್ಲ. ಫೋರ್ಹೆಸ್ ಬೀದಿಯ ಭಾಷೆಯನ್ನು ಕೈಹಿಡಿದು ಒಳಗೆ ಕರೆತಂದರು. ಜನರು ಆಡುವಾಗ ಪದಗಳು ಹೇಗೆ ಸವೆಯುತ್ತವೆ, ಹೇಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎಂಬುದನ್ನು ಕಿವಿಗೊಟ್ಟು ಕೇಳಿ ಹಾಗೆಯೇ ಬರೆದರು. ಆಶ್ಚರ್ಯವಾದಾಗ ಸ್ಪೇನಿನವರು ಪವಿತ್ರ ಕನ್ಯೆ ಮೇರಿಯನ್ನು ನೆನೆದು ‘ವಿರ್ಹೆನ್ ಸಾಂತಾ’ ಎನ್ನುತ್ತಾರೆ. ಅವಸರದ ಬಾಯಲ್ಲಿ ಅದರ ಮೊದಲ ಅಕ್ಷರ ಉದುರಿಹೋಗುತ್ತದೆ. ಫೋರ್ಹೆಸರ ಪಾತ್ರಗಳು ‘ಹೆನ್ಸಾಂತಾ’ ಎಂದೇ ಉದ್ಗರಿಸಿದವು. ಓದುಗರು ಅದನ್ನು ಅವರಿಂದ ಮರಳಿ ಕಲಿತರು.

ಮತ್ತೊಂದು ಉದಾಹರಣೆ ಇನ್ನೂ ಸ್ವಾರಸ್ಯವಾದುದು. ಉದ್ದನೆಯ ಬ್ರೆಡ್ಡನ್ನು ಸೀಳಿ, ನಡುವೆ ಬೇರೆ ತಿನಿಸನ್ನು ಇಟ್ಟು ತಿನ್ನುವುದಕ್ಕೆ ಸ್ಪೇನಿನಲ್ಲಿ ‘ಬೊಕಾದೀಯೋ’ ಎನ್ನುತ್ತಾರೆ. ವ್ಯಂಗ್ಯಚಿತ್ರದಲ್ಲಿ ಪಾತ್ರಗಳ ಮಾತನ್ನು ಬರೆಯುವ ಆವರಣಕ್ಕೂ ಅಲ್ಲಿ ‘ಬೊಕಾದೀಯೋ’ ಎಂದೇ ಹೆಸರು. ಒಂದು ಬಾಯಿಗೆ ಹೋಗುವ ತುತ್ತು, ಇನ್ನೊಂದು ಬಾಯಿಂದ ಬರುವ ಮಾತು! ಆ ತಿನಿಸಿಗೆ ‘ಬೊಕಾತಾ’ ಎಂಬ ಮೋಟು ರೂಪವು ದೇಶದಾದ್ಯಂತ ಹರಡಲು ಫೋರ್ಹೆಸರ ಚಿತ್ರಗಳೇ ಮುಖ್ಯ ಕಾರಣವೆಂದು ಸ್ಪೇನಿನಲ್ಲಿ ಹೇಳುತ್ತಾರೆ. ಇಂದು ಆ ಪದವು ಸ್ಪೇನಿನ ರಾಜ ಅಕಾಡೆಮಿಯ ನಿಘಂಟಿನಲ್ಲಿಯೂ ಸ್ಥಾನ ಪಡೆದಿದೆ. ನಿಘಂಟುಗಳನ್ನು ವಿದ್ವಾಂಸರು ರಚಿಸುತ್ತಾರೆ. ಆದರೆ ಅದರೊಳಗಿನ ಪದಗಳನ್ನು ಹುಟ್ಟಿಸಿ ಬೆಳೆಸುವವರು ಜನರು. ಒಂದು ದಿನ ಬಾಳುವ ಚಿತ್ರವು ತಲೆಮಾರುಗಳು ಬಾಳುವ ಪದಕ್ಕೆ ಆಸರೆಯಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

1975ರ ನವೆಂಬರ್ 20ರಂದು ಫ್ರಾಂಕೋ ನಿಧನ ಹೊಂದಿದನು. 1977ರ ಜೂನ್‌ನಲ್ಲಿ ನಾಲ್ಕು ದಶಕಗಳ ಬಳಿಕ ಮುಕ್ತ ಚುನಾವಣೆ ನಡೆಯಿತು. 1978ರ ಡಿಸೆಂಬರ್‌ನಲ್ಲಿ ಜನಮತದಿಂದ ಹೊಸ ಸಂವಿಧಾನವು ಅಂಗೀಕಾರವಾಯಿತು. ಸ್ಪೇನ್ ಪ್ರಜಾಪ್ರಭುತ್ವದ ದಾರಿಯನ್ನು ಹಿಡಿಯಿತು. ಆದರೆ ಆ ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ. 1977ರ ಸೆಪ್ಟೆಂಬರ್ 20ರಂದು ಬಾರ್ಸಿಲೋನಾ ನಗರದಲ್ಲಿ ‘ಎಲ್ ಪಾಪುಸ್’ ಎಂಬ ಹಾಸ್ಯಪತ್ರಿಕೆಯ ಕಚೇರಿಗೆ ಬಾಂಬ್ ಕಳುಹಿಸಲಾಯಿತು. ಚಿತ್ರ ಬರೆದವನಲ್ಲ, ಕಟ್ಟಡದ ಬಡ ಕಾವಲುಗಾರನು ಅದಕ್ಕೆ ಬಲಿಯಾದನು. ನಗೆಯನ್ನು ದ್ವೇಷಿಸುವವರು ಸರ್ಕಾರದಲ್ಲಿ ಮಾತ್ರವಲ್ಲ, ಸಮಾಜದ ನಡುವೆಯೂ ಇರುತ್ತಾರೆಂಬುದನ್ನು ಆ ದುರಂತವು ತೋರಿಸಿಕೊಟ್ಟಿತು.

ದೇಶದ ಬದುಕು ಹೀಗೆ ಮಗ್ಗುಲು ಬದಲಾಯಿಸುತ್ತಿದ್ದಾಗ ಫೋರ್ಹೆಸ್ ಒಂದು ದೊಡ್ಡ ಕೆಲಸಕ್ಕೆ ಕೈಹಾಕಿದರು. ಸ್ಪೇನಿನ ಜನರು ಫ್ರಾಂಕೋ ಆಳ್ವಿಕೆಯನ್ನು ‘ನಲವತ್ತು ವರ್ಷ’ ಎಂದೇ ಕರೆಯುವುದುಂಟು. ಅವರ ಭಾಷೆಯಲ್ಲಿ ನಲವತ್ತಕ್ಕೆ ‘ಕ್ವಾರೆಂತಾ’ ಎನ್ನುತ್ತಾರೆ. ಫೋರ್ಹೆಸ್ ಅದಕ್ಕೆ ತಮ್ಮ ಅಂಕಿತವನ್ನು ಬೆರೆಸಿ ‘ಫೊರ್ರೆಂತಾ ವರ್ಷಗಳು’ ಎಂಬ ಅರ್ಥ ಬರುವ ಹೆಸರಿನಲ್ಲಿ ಆ ಕಾಲದ ಕಥೆಯನ್ನು ಚಿತ್ರಗಳಲ್ಲಿ ಹೇಳಿದರು. ಮುಂದೆ ಸ್ಪೇನಿನ ಇಡೀ ಇತಿಹಾಸವನ್ನೇ ಚಿತ್ರಮಾಲೆಯಾಗಿ ರಚಿಸಿದರು. ಶಾಲೆಯ ಪುಸ್ತಕದಲ್ಲಿ ಯುದ್ಧ ಗೆದ್ದವರ ಹೆಸರುಗಳನ್ನು ಮಾತ್ರ ಓದಿದ್ದ ಜನರಿಗೆ, ಇತಿಹಾಸವೆಂದರೆ ತಮ್ಮಂಥವರ ಬದುಕು ಕೂಡ ಎಂಬುದನ್ನು ನಗುನಗುತ್ತ ತಿಳಿಯಲು ಇದರಿಂದ ಸಾಧ್ಯವಾಯಿತು.

ಸ್ವಾತಂತ್ರ್ಯ ಬಂದ ಮೇಲೆ ವ್ಯಂಗ್ಯಚಿತ್ರಕಾರನಿಗೆ ಕೆಲಸ ಕಡಿಮೆಯಾಗುತ್ತದೆಯೆಂದು ತೋರಬಹುದು. ವಾಸ್ತವವಾಗಿ ಅದು ಹೆಚ್ಚಾಗುತ್ತದೆ. ಸರ್ವಾಧಿಕಾರಿಯ ಕಾಲದಲ್ಲಿ ಎದುರಾಳಿ ಯಾರೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ಪ್ರಜಾಪ್ರಭುತ್ವದಲ್ಲಿ ತಪ್ಪು ಹಲವರಲ್ಲಿ ಹಂಚಿಹೋಗಿರುತ್ತದೆ. ಓದುಗನಲ್ಲಿಯೂ ಅದರ ಒಂದು ಪಾಲಿರುತ್ತದೆ. ಫೋರ್ಹೆಸ್ ಈ ಪಾಲನ್ನು ಓದುಗನಿಗೆ ತೋರಿಸಲು ಹಿಂಜರಿಯಲಿಲ್ಲ. ನಿರುದ್ಯೋಗ, ಲಂಚ, ಕಚೇರಿಗಳ ವಿಳಂಬ, ಹೆಂಗಸರ ಮೇಲಿನ ದೌರ್ಜನ್ಯ, ಪುಸ್ತಕ ಓದದ ಸೋಮಾರಿತನ ಇವೆಲ್ಲವೂ ಅವರ ಚೌಕಟ್ಟಿನೊಳಗೆ ಬಂದವು. ಆದರೆ ಅವರ ನಗೆಯಲ್ಲಿ ವಿಷವಿರಲಿಲ್ಲ. ಮಾರಿಯಾನೋನ ಪುಕ್ಕಲುತನವನ್ನು ಕಂಡು ನಕ್ಕವನು ತನ್ನ ಮನೆಯ ಕನ್ನಡಿಯಲ್ಲಿಯೂ ಒಬ್ಬ ಮಾರಿಯಾನೋ ಇದ್ದಾನೆಂದು ತಿಳಿದು ಮತ್ತೊಮ್ಮೆ ನಗುತ್ತಿದ್ದನು. ಪರರನ್ನು ನೋಡಿ ನಗುವುದು ಸುಲಭ. ತನ್ನನ್ನು ತಾನು ನೋಡಿ ನಗುವುದನ್ನು ಕಲಿಸುವವನೇ ನಿಜವಾದ ಹಾಸ್ಯಗಾರ.

ಅವರು ದುಡಿದ ಪತ್ರಿಕೆಗಳ ಹೆಸರುಗಳನ್ನು ಸಾಲಾಗಿ ಇಟ್ಟರೆ ಅದೇ ಒಂದು ಪ್ರಯಾಣದಂತೆ ಕಾಣುತ್ತದೆ. ಮೊದಲ ಚಿತ್ರ ಅಚ್ಚಾದದ್ದು ‘ಜನ’ ಎಂಬರ್ಥದ ‘ಪ್ವೆಬ್ಲೋ’ದಲ್ಲಿ. 1980ರ ದಶಕದಲ್ಲಿ ‘ದಿಯಾರಿಯೋ 16’ ಎಂಬ ದಿನಪತ್ರಿಕೆಯಲ್ಲಿ ಬರೆದರು. 1989ರಲ್ಲಿ ‘ಜಗತ್ತು’ ಎಂಬರ್ಥದ ‘ಎಲ್ ಮುಂದೋ’ ಪತ್ರಿಕೆ ಹುಟ್ಟಿದಾಗ ಅದರ ಸ್ಥಾಪಕರ ಬಳಗದಲ್ಲಿದ್ದರು. 1995ರಿಂದ ಕೊನೆಯವರೆಗೂ ‘ದೇಶ’ ಎಂಬರ್ಥದ ‘ಎಲ್ ಪಾಯಿಸ್’ ಪತ್ರಿಕೆಯ ಓದುಗರಿಗೆ ದಿನದಿನವೂ ನಗೆಯನ್ನು ಉಣಬಡಿಸಿದರು. ಪತ್ರಿಕೆಗಳು ಬದಲಾದವು; ದಪ್ಪ ಮೂಗಿನ ಆ ಜನರು ಬದಲಾಗಲಿಲ್ಲ. ಅವರು ಫೋರ್ಹೆಸರ ಹಿಂದೆಯೇ ಗಂಟುಮೂಟೆ ಕಟ್ಟಿಕೊಂಡು ನಡೆದರು. ಓದುಗರು ಅವರ ಹಿಂದೆ ನಡೆದರು.

2010ರ ಜನವರಿ 12ರಂದು ಕೆರಿಬಿಯನ್ ಸಮುದ್ರದ ಬಡ ರಾಷ್ಟ್ರವಾದ ಹೈಟಿಯಲ್ಲಿ ಭೀಕರ ಭೂಕಂಪವಾಯಿತು. ರಾಜಧಾನಿ ಪೋರ್ಟ್-ಒ-ಪ್ರಿನ್ಸ್ ನಗರವು ಬಹುಮಟ್ಟಿಗೆ ನೆಲಸಮವಾಯಿತು. ಸತ್ತವರ ಸಂಖ್ಯೆ ಎರಡು ಲಕ್ಷವನ್ನು ಮೀರಿತೆಂದು ಅಲ್ಲಿನ ಸರ್ಕಾರವು ತಿಳಿಸಿತು. ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ನಿರ್ವಸಿತರಾದರು. ಜಗತ್ತಿನ ಪತ್ರಿಕೆಗಳೆಲ್ಲ ಮೊದಲ ಪುಟದಲ್ಲಿ ಆ ಸುದ್ದಿಯನ್ನು ಪ್ರಕಟಿಸಿದವು. ನಾನಾ ದೇಶಗಳಿಂದ ನೆರವು ಹರಿದುಬಂದಿತು. ಕೆಲವು ವಾರಗಳಲ್ಲಿ ಸುದ್ದಿಯು ಒಳಪುಟಕ್ಕೆ ಸರಿಯಿತು. ಆಮೇಲೆ ಪತ್ರಿಕೆಯಿಂದಲೇ ಮರೆಯಾಯಿತು. ಲೋಕದ ರೂಢಿಯೇ ಹಾಗೆ. ಆದರೆ ಹೈಟಿಯ ಸಂಕಟ ಮರೆಯಾಗಿರಲಿಲ್ಲ. ಜನರು ಗುಡಾರಗಳಲ್ಲಿ ವಾಸಿಸುತ್ತಿದ್ದರು. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಕಾಲರಾ ರೋಗವೂ ಅವರನ್ನು ಅಪ್ಪಳಿಸಿತು.

ಆ ಭೂಕಂಪದ ಬಳಿಕ ಫೋರ್ಹೆಸ್ ತಮ್ಮ ವ್ಯಂಗ್ಯಚಿತ್ರದ ಒಂದು ಬದಿಯಲ್ಲಿ ಸಣ್ಣದೊಂದು ಸಾಲನ್ನು ಸೇರಿಸತೊಡಗಿದರು: ಆದರೆ ಹೈಟಿಯನ್ನು ಮರೆಯಬೇಡ. ಮರುದಿನದ ಚಿತ್ರದಲ್ಲಿಯೂ ಅದೇ ಸಾಲು. ಚಿತ್ರದ ವಿಷಯ ಚುನಾವಣೆಯಿರಲಿ, ಚೆಂಡಾಟವಿರಲಿ, ಬೇಸಿಗೆಯ ರಜೆಯಿರಲಿ, ಒಂದು ಮೂಲೆಯಲ್ಲಿ ಆ ಮಾತು ನಿಂತಿರುತ್ತಿತ್ತು. ತಿಂಗಳುಗಳು ಕಳೆದವು, ವರ್ಷಗಳೇ ಕಳೆದವು. ಅವರು ಅದನ್ನು ಬಿಡಲಿಲ್ಲ. ಆ ಸಾಲಿನಲ್ಲಿ ಹಾಸ್ಯವಿರಲಿಲ್ಲ, ಚಮತ್ಕಾರವಿರಲಿಲ್ಲ. ನಗಲೆಂದು ಬಂದ ಓದುಗನ ಭುಜವನ್ನು ಅದು ಮೆಲ್ಲಗೆ ತಟ್ಟುತ್ತಿತ್ತು, ಅಷ್ಟೆ.

ಈ ಒಂದು ಸಾಲಿನ ಬೆಲೆಯನ್ನು ಸರಿಯಾಗಿ ತಿಳಿಯಬೇಕಾದರೆ ಪತ್ರಿಕೆಯ ಸ್ವಭಾವವನ್ನು ನೆನೆಯಬೇಕು. ಪತ್ರಿಕೆಗೆ ಪ್ರತಿದಿನವೂ ಹೊಸ ಸುದ್ದಿ ಬೇಕು. ನಿನ್ನೆಯ ಕಣ್ಣೀರು ಇಂದಿಗೆ ಹಳತು. ಓದುಗರ ಕರುಣೆಯೂ ಸುದ್ದಿಯ ಬೆನ್ನುಹತ್ತಿ ಒಂದು ಊರಿನಿಂದ ಇನ್ನೊಂದು ಊರಿಗೆ ಓಡುತ್ತದೆ. ಹೀಗೆ ಓಡುವಾಗ ಹಿಂದೆ ಉಳಿದವರ ಗತಿಯೇನು? ಆ ಪ್ರಶ್ನೆಯನ್ನು ಕೇಳಲು ಫೋರ್ಹೆಸರು ಆರಿಸಿಕೊಂಡದ್ದು ಮರೆವಿನ ತವರಾದ ಪತ್ರಿಕೆಯ ಪುಟವನ್ನೇ. ಒಂದು ದಿನ ಬಾಳುವ ಕಾಗದದ ಮೇಲೆ ಒಂದೇ ಮಾತನ್ನು ದಿನದಿನವೂ ಬರೆದು ಅದಕ್ಕೆ ದೀರ್ಘಾಯುಷ್ಯವನ್ನು ಕೊಟ್ಟರು. ಸರ್ವಾಧಿಕಾರದ ದಿನಗಳಲ್ಲಿ ಅವರ ಎದುರಾಳಿ ಭಯವಾಗಿತ್ತು. ಸ್ವಾತಂತ್ರ್ಯದ ದಿನಗಳಲ್ಲಿ ಅವರ ಎದುರಾಳಿ ಮರೆವು. ಭಯಕ್ಕಿಂತ ಮರೆವು ಸೌಮ್ಯವಾಗಿ ಕಾಣುತ್ತದೆ, ಆದರೆ ಅದರ ಬೇರು ಇನ್ನೂ ಆಳ.

ಗೌರವಗಳು ಅವರನ್ನು ಹುಡುಕಿಕೊಂಡು ಬಂದವು. ಸ್ಪೇನ್ ಸರ್ಕಾರವು ಅವರಿಗೆ ದುಡಿಮೆಯ ಹಿರಿಮೆಗಾಗಿ ಕೊಡುವ ಚಿನ್ನದ ಪದಕವನ್ನೂ, ಲಲಿತಕಲೆಗಳ ಚಿನ್ನದ ಪದಕವನ್ನೂ ನೀಡಿ ಪುರಸ್ಕರಿಸಿತು. ಒಂದು ಕಾಲದಲ್ಲಿ ವ್ಯಂಗ್ಯಚಿತ್ರಕಾರರನ್ನು ಸಂಶಯದಿಂದ ಕಾಣುತ್ತಿದ್ದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಸ್ಪೇನಿನ ಮಹಾಕವಿ ಹಾಗೂ ವಿಡಂಬನಕಾರ ಕ್ವೆವೆದೋನ ಹೆಸರಿನಲ್ಲಿ ಸ್ಪೇನ್, ಪೋರ್ಚುಗಲ್ ಮತ್ತು ಲ್ಯಾಟಿನ್ ಅಮೆರಿಕದ ವ್ಯಂಗ್ಯಚಿತ್ರಕಾರರಿಗೆ ಕೊಡುವ ಪ್ರಶಸ್ತಿಯೂ ಅವರಿಗೆ ದೊರೆಯಿತು. 1998ರಲ್ಲಿ ಆ ಪ್ರಶಸ್ತಿಯನ್ನು ಮೊದಲು ಪಡೆದವರು ಹಿರಿಯರಾದ ಆಂತೋನಿಯೋ ಮಿಂಗೋತೆ. ಅವರು 1953ರಿಂದ 2012ರಲ್ಲಿ ತೀರಿಕೊಳ್ಳುವವರೆಗೆ ‘ಎ.ಬಿ.ಸಿ.’ ಎಂಬ ಒಂದೇ ಪತ್ರಿಕೆಗೆ ಚಿತ್ರ ಬರೆದ ಸಾಧಕರು. ಅವರ ಹೆಸರೂ ಆಂತೋನಿಯೋ, ಅವರ ಹುಟ್ಟಿದ ದಿನವೂ ಜನವರಿ 17 ಎಂಬುದು ವಿಚಿತ್ರವಾದ ಕಾಕತಾಳೀಯ. ಮಹಾಲೇಖಕ ಸರ್ವಾಂತೆಸ್ ಹುಟ್ಟಿದ ಆಲ್ಕಲಾ ನಗರದ ವಿಶ್ವವಿದ್ಯಾಲಯದಲ್ಲಿ ಹಾಸ್ಯಕಲೆಯ ಅಧ್ಯಯನಕ್ಕೆಂದು ನಡೆಯುವ ಸಂಸ್ಥೆಯ ಬೆಳವಣಿಗೆಗೂ ಫೋರ್ಹೆಸ್ ಶ್ರಮಿಸಿದರು. ನಗೆಯೂ ಗಂಭೀರವಾದ ವ್ಯಾಸಂಗಕ್ಕೆ ತಕ್ಕ ವಿಷಯವೆಂಬುದು ಅವರ ನಂಬಿಕೆ.

2018ರ ಫೆಬ್ರವರಿ 22ರಂದು, ಎಪ್ಪತ್ತಾರನೆಯ ವಯಸ್ಸಿನಲ್ಲಿ, ಫೋರ್ಹೆಸ್ ಮ್ಯಾಡ್ರಿಡ್ ನಗರದಲ್ಲಿ ನಿಧನರಾದರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಆರಂಭವಾದ ಅವರ ದಿನನಿತ್ಯದ ಕಾಯಕವು ಹೆಚ್ಚುಕಡಿಮೆ ಕೊನೆಯವರೆಗೂ ನಡೆದಿತ್ತು.

ಅವರ ಸಾವಿರಾರು ಚಿತ್ರಗಳು ಅಚ್ಚಾದ ಕಾಗದಗಳಲ್ಲಿ ಬಹುಪಾಲು ಎಂದೋ ರದ್ದಿಯಾಗಿ ಹೋಗಿರಬೇಕು. ಆದರೆ ಸ್ಪೇನಿನ ಮಕ್ಕಳು ತಿಂಡಿಯ ಹೊತ್ತಿಗೆ ಇಂದಿಗೂ ‘ಬೊಕಾತಾ’ ಎನ್ನುತ್ತಾರೆ. ಕಚೇರಿಯ ಕಿಟಕಿಯ ಮುಂದೆ ಕಾಯುತ್ತಿರುವ ಮನುಷ್ಯನಿಗೆ ದಪ್ಪ ಮೂಗಿನ ಆ ಗುಮಾಸ್ತನ ನೆನಪಾಗಿ ಸಿಟ್ಟಿನ ನಡುವೆಯೂ ನಗೆ ಬರುತ್ತದೆ. ದೂರದ ಒಂದು ನಾಡಿನ ಹೆಸರು, ಅದನ್ನೆಂದೂ ಕಾಣದವರ ಮನಸ್ಸಿನಲ್ಲಿ ಉಳಿದುಕೊಂಡಿದೆ. ಕಮ್ಮಾರನು ಹೊಸೆದ ಗುಳವು ಮಣ್ಣಿನಲ್ಲಿ ಸವೆದುಹೋಗುತ್ತದೆ. ಅದು ಉತ್ತ ನೆಲದಲ್ಲಿ ಮಾತ್ರ ಬೆಳೆ ನಿಲ್ಲುತ್ತದೆ.

ಅಭ್ಯಾಸ

1. ‘ಫೋರ್ಹೆಸ್’ ಎಂಬ ಅಂಕಿತವು ಹೇಗೆ ಬಂದಿತು?
2. 1966ರ ಪತ್ರಿಕಾ ಶಾಸನವು ಕೊಟ್ಟ ಸ್ವಾತಂತ್ರ್ಯವು ಮೇಲ್ನೋಟದ್ದು ಮಾತ್ರ ಎನ್ನಲು ಕಾರಣವೇನು?
3. ಲೇಖನಕ್ಕಿಲ್ಲದ ಯಾವ ಶಕ್ತಿ ವ್ಯಂಗ್ಯಚಿತ್ರಕ್ಕಿದೆ? ಪಾಠದ ಉದಾಹರಣೆಯೊಡನೆ ವಿವರಿಸಿ.
4. ಮಾರಿಯಾನೋ, ಕೊಂಚಾ, ದ್ವೀಪದ ಒಬ್ಬಂಟಿ: ಈ ಪಾತ್ರಗಳಲ್ಲಿ ಒಂದನ್ನು ಕುರಿತು ಐದು ವಾಕ್ಯಗಳಲ್ಲಿ ಬರೆಯಿರಿ.
5. “ಸ್ವಾತಂತ್ರ್ಯದ ದಿನಗಳಲ್ಲಿ ಅವರ ಎದುರಾಳಿ ಮರೆವು.” ಈ ಮಾತನ್ನು ಸಂದರ್ಭ ಸಹಿತ ವಿವರಿಸಿ.
6. ನಿಮ್ಮ ಊರಿನಲ್ಲಿ ಜನರ ಬಾಯಲ್ಲಿ ಸವೆದು ಹೊಸ ರೂಪ ಪಡೆದ ಐದು ಪದಗಳನ್ನು ಸಂಗ್ರಹಿಸಿ.